ಮೂರನೆಯ ಶಿಫಾರಸು ಪತ್ರ

ಮಾರ್ಚ್ ೧೪, ಗುರುವಾರ

ಸಮಾಜಕಾರ್ಯ ಓದಲು ಹಾಕುವ ಎಂ.ಎಸ್.ಡಬ್ಲ್ಯೂ. ಅರ್ಜಿಗೆ ನಾಳೆಯೇ ಕೊನೆಯ ದಿನ. ಮೂರನೆಯ ಶಿಫಾರಸು ಪತ್ರ ಸಿಕ್ಕಿರಲಿಲ್ಲ. ಅದಕ್ಕೇ ಇವತ್ತು ಸಂಜೆ ಮೇಡಂ ಮನೆಗೆ ಹೋಗಿದ್ದೆ. ಅಮ್ಮ ತೀರಿಕೊಂಡಾಗ ನನ್ನನ್ನೂ ತಮ್ಮನನ್ನೂ ಬೇರೆ ಬೇರೆ ಅನಾಥಾಲಯಕ್ಕೆ ಸೇರಿಸಿದ ಸಮಾಜ ಕಾರ್ಯಕರ್ತೆ ಅವರೇ. ಆಗ ನನಗೆ ಒಂಬತ್ತು, ಅವನಿಗೆ ನಾಲ್ಕು. ಮೇಡಂ ಈಗ ನಿವೃತ್ತರಾಗಿದ್ದಾರೆ, ಗೋಡೆ ಹಿಡಿದು ನಡೆಯುತ್ತಾರೆ.

ನನ್ನ, ತಮ್ಮನ ವಿಷಯ ನೆನಪಿಸಿ ಪತ್ರ ಕೇಳಿದೆ. ಕನ್ನಡಕ ಏರಿಸಿ ನನ್ನನ್ನೇ ನೋಡಿದರು. "ನೆನಪಿಗೆ ಬರ್ತಿಲ್ಲಮ್ಮ. ಎಷ್ಟೊಂದು ಮಕ್ಕಳು ನೋಡು. ಸುಳ್ಳು ಹೇಗೆ ಬರೀಲಿ?"

"ಪರವಾಗಿಲ್ಲ ಬಿಡಿ ಮೇಡಂ," ಎಂದು ಎದ್ದೆ. ನಿಜಕ್ಕೂ ನನಗೇನೂ ಅನ್ನಿಸಿರಲಿಲ್ಲ. ಚಪ್ಪಲಿ ಹಾಕಿಕೊಳ್ಳುವಾಗ ಹಿಂದಿನಿಂದ ಕೇಳಿದರು, "ನಿನ್ನ ತಮ್ಮ ಈಗ ಎಲ್ಲಿದ್ದಾನೆ?"

"ಗೊತ್ತಿಲ್ಲ. ಅವತ್ತಿನಿಂದ ನೋಡೇ ಇಲ್ಲ." ಬಸ್ಸು ಎಷ್ಟು ಹೊತ್ತಿಗೆ ಎಂದು ಯಾರಿಗೋ ಹೇಳಿದ ಹಾಗಿತ್ತು ನನ್ನ ದನಿ.

ಅವರು ನನ್ನನ್ನು ಮತ್ತೆ ಒಳಗೆ ಕರೆದರು. ಪೆನ್ನು ಕೇಳಿ ಪತ್ರ ಬರೆದುಕೊಟ್ಟರು. ಬಸ್ಸಿನಲ್ಲಿ ಓದಿದೆ.

"ಈ ಹುಡುಗಿ ನನಗೆ ನೆನಪಿಲ್ಲ. ಇವಳನ್ನು ತಮ್ಮನಿಂದ ಬೇರೆ ಮಾಡಿದ ಕಾಗದಕ್ಕೆ ಸಹಿ ಹಾಕಿದವಳು ನಾನು. ನಾನು ಮರೆತ ಹಾಗೆ ಮರೆಯದವರು ಈ ಕೆಲಸಕ್ಕೆ ಬೇಕು. ಇವಳನ್ನು ದಯವಿಟ್ಟು ಸೇರಿಸಿಕೊಳ್ಳಿ."

ಇದನ್ನು ನೋಡಿ ಯಾರಾದರೂ ಸೀಟು ಕೊಡುತ್ತಾರೋ ಇಲ್ಲವೋ. ಮನೆಗೆ ಬಂದು ಅದರ ಫೋಟೋ ತೆಗೆದು ಅರ್ಜಿಯ ಜೊತೆ ಆನ್‌ಲೈನಿನಲ್ಲಿ ಕಳಿಸಿಬಿಟ್ಟೆ. ಅಳು ಬರಬಹುದು ಅಂದುಕೊಂಡು ಒಂದಷ್ಟು ಹೊತ್ತು ಕಾದೆ, ಬರಲಿಲ್ಲ. ದೀಪ ಆರಿಸಿ ತಮ್ಮನನ್ನು ನೆನೆಸಿಕೊಂಡೆ. ನನ್ನ ಲಂಗ ಹಿಡಿದಿದ್ದ ಬೆವೆತ ಕೈ ನೆನಪಾಯಿತು. ಅವತ್ತು ಅದನ್ನು ಬಿಡಿಸಲು ಇಬ್ಬರು ಬೇಕಾಗಿದ್ದರು. ಅವನ ಮುಖ ಮಾತ್ರ ಎಷ್ಟು ಹೊತ್ತಾದರೂ ಬರಲಿಲ್ಲ. ಮತ್ತೆ ದೀಪ ಹಾಕಿ ಇಷ್ಟು ಬರೆದೆ. ಅವನ ಮುಖ ಇನ್ನೂ ಬಂದಿಲ್ಲ.