ಮೊದಲ ಸುತ್ತಿನ ಹೆಸರು

ಟೂಂಗಾಬಿ, ಸಿಡ್ನಿ
೧೯ ಅಕ್ಟೋಬರ್ ೨೦೦೯, ಸೋಮವಾರ

ಪ್ರೀತಿಯ ಇವರಿಗೆ,

ನಮಸ್ಕಾರ. ನಿಮ್ಮ ಎಡ ಮೊಣಕಾಲು ಹೇಗಿದೆ? ಆ ಕೋಲ್ಡ್ ಸ್ಟೋರೇಜಿನ ಒಳಗೆ ಹೋಗುವಾಗ ಕಿವಿ ಮುಚ್ಚುವ ಉಣ್ಣೆ ಟೋಪಿ ಹಾಕುತ್ತೀರೋ, ಅಥವಾ ಕೂದಲು ಕೆಡುತ್ತದೆ ಎಂದು ಬರಿತಲೆಯಲ್ಲಿ ಹೋಗುತ್ತೀರೋ? ಇರುವ ನಾಲ್ಕು ಕೂದಲಿಗೆ ಅಷ್ಟು ಮರ್ಯಾದೆ ಬೇಡ. ಮೆಲ್ಬರ್ನಿನ ಆ ಟಾರ್ನೀಟಿನ ಮನೆಯಲ್ಲಿ ನಿಮ್ಮ ಜೊತೆಗಿರುವ ಹುಡುಗರು ಈಗಲೂ ಮೂರು ಹೊತ್ತು ನೂಡಲ್ಸ್ ತಿನ್ನುತ್ತಿದ್ದಾರೆಯೇ? ನೀವೂ ಅದನ್ನೇ ತಿಂದು, ನನ್ನ ಹತ್ತಿರ ಫೋನಿನಲ್ಲಿ ಬೆಂಡೆಕಾಯಿ ಹುಳಿ ಮಾಡಿದೆ ಎನ್ನುತ್ತೀರಿ. ಬೆಂಡೆಕಾಯಿ ಹುಳಿ ತಿಂದವರ ದನಿ ಹಾಗಿರುವುದಿಲ್ಲ. ನಾನೂ ಮಗಳು ಜ್ಯೋತ್ಸ್ನಾಳೂ ಆರೋಗ್ಯವಾಗಿದ್ದೇವೆ. ಲಕೋಟೆಯ ಮೇಲೆ ನಿಮ್ಮ ಹೆಸರನ್ನು ಎಂದಿನಂತೆ ಅವಳೇ ಬರೆಯುತ್ತಾಳೆ. ಗಂಡನ ಹೆಸರು ಹೇಳಿದರೆ ಅವನ ಆಯುಸ್ಸು ಕಡಿಮೆಯಾಗುತ್ತದೆ ಎಂದು ಉಡುಪಿಯ ನನ್ನ ಅಜ್ಜಿ ಹೇಳಿಕೊಟ್ಟದ್ದನ್ನು ನಾನು ಇಲ್ಲಿಗೆ ಬಂದ ಮೇಲೂ ಬಿಟ್ಟವಳಲ್ಲ. ಮೆಡಿಕೇರ್ ಆಫೀಸಿನಲ್ಲಿ ಗಂಡನ ಹೆಸರು ಕೇಳಿದಾಗಲೂ ಕಾರ್ಡ್ ಮುಂದೆ ತಳ್ಳಿ ಸುಮ್ಮನೆ ನಿಂತವಳು ನಾನು, ನಿಮಗೆ ನೆನಪುಂಟಲ್ಲ. ಫೋನ್ ಇರುವಾಗ ಕಾಗದ ಯಾಕೆ ಎಂದು ಮಾತ್ರ ಕೇಳಬೇಡಿ. ಫೋನಿನಲ್ಲಿ ನಾನು ಮುಖ್ಯವಾದ ಮಾತು ತೆಗೆದ ಕೂಡಲೇ ನಿಮಗೆ ಶಿಫ್ಟ್ ಶುರುವಾಗುತ್ತದೆ. ಕಾಗದ ಹಿಡಿದ ಮೇಲೆ ಕೊನೆಯವರೆಗೆ ಓದಬೇಕು ಮಾರಾಯ್ರೇ.

ಮೊನ್ನೆ ಶನಿವಾರ ನಮ್ಮ ಕನ್ನಡ ಬಳಗದ ದೀಪಾವಳಿ ಊಟ ಇತ್ತು. ಗೋಳಿಬಜೆ ನನ್ನ ಪಾಲಿಗೆ ಬಂದಿತ್ತು, ಬೆಳಗ್ಗಿನಿಂದ ಹಿಟ್ಟು ಕಲಸಿ ಕೈ ಸೋತಿತ್ತು. ಹಾಲ್‌ಗೆ ಹೋಗಿ ನೋಡಿದರೆ ಊಟದ ಮೊದಲು ಒಂದು ಹೊಸ ಪೂಜೆ. ಪೂಜೆಯ ಹೆಸರು ಡ್ರಾಫ್ಟ್, ಪುರೋಹಿತರು ಎಪ್ಪಿಂಗ್ ಟೀಮಿನ ಬದರಿನಾಥ. ಈ ಮನುಷ್ಯ ಇಲ್ಲಿಗೆ ಬರುವ ಮೊದಲು ಅಮೆರಿಕದಲ್ಲಿ ಇದ್ದು ಬೇಸ್‌ಬಾಲ್ ನೋಡಿ ಕೆಟ್ಟವರು. ದೀಪ ಹಚ್ಚುವಾಗಲೂ ಬೇಸ್‌ಬಾಲ್ ಟೋಪಿ ತೆಗೆಯಲಿಲ್ಲ. ಅಲ್ಲಿ ಪ್ರತಿ ವರ್ಷ ಟೀಮುಗಳು ಸರದಿಯ ಮೇಲೆ ಹೊಸ ಆಟಗಾರರನ್ನು ಆರಿಸಿಕೊಳ್ಳುತ್ತವಂತೆ, ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಸೋತವರಿಗೆ ಮೊದಲ ಆಯ್ಕೆಯಂತೆ, ಮೊದಲ ಸುತ್ತಿನಲ್ಲಿ ಯಾರ ಹೆಸರು ಬರುತ್ತದೆ ಎಂದು ಅಭಿಮಾನಿಗಳು ಇಡೀ ವರ್ಷ ಉಗುರು ಕಚ್ಚುತ್ತಾರಂತೆ. ಅದನ್ನು ನಮ್ಮ ಭಾನುವಾರದ ಕ್ರಿಕೆಟ್ಟಿಗೂ ತಂದರು. ಕಳೆದ ವರ್ಷ ಕೊನೆಯ ಪಂಕ್ತಿಯಲ್ಲಿ ಕೂತವರಿಗೆ ಈ ವರ್ಷ ಮೊದಲ ಎಲೆ. ಒಂದೂ ಮ್ಯಾಚ್ ಗೆಲ್ಲದ ನಮ್ಮ ಟೂಂಗಾಬಿ ಟೀಮಿಗೆ ಹೀಗೆ ಮೊದಲ ಆಯ್ಕೆ ಸಿಕ್ಕಿತು, ನಮ್ಮವರು ಬೇಕೆಂದೇ ಸೋತವರ ಹಾಗೆ ಎದೆಯುಬ್ಬಿಸಿ ತಿರುಗಿದರು. ಬದರಿನಾಥರು ನಿಯಮಗಳನ್ನೂ ಓದಿದರು. ಒಮ್ಮೆ ಮೈಕಿನಲ್ಲಿ ಹೇಳಿದ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ. ಮೊದಲ ಸುತ್ತಿನಲ್ಲಿ ಆರಿಸಿದವನಿಗೆ ಬದಲಿ ಆಟಗಾರನಿಲ್ಲ, ಅವನು ಬರದಿದ್ದರೆ ಆ ಟೀಮು ಹತ್ತೇ ಜನರಲ್ಲಿ ಆಡಬೇಕು. ಹೆಸರನ್ನು ಕ್ಯಾಪ್ಟನ್ ಚೀಟಿಯಲ್ಲಿ ಬರೆದು ಕೊಡಬೇಕು, ಮೈಕಿನಲ್ಲಿ ಓದುವುದು ಮಾತ್ರ ಹೆಂಗಸರು, ಗಂಡಸರು ಓದಿದರೆ ಜಗಳವಾಗುತ್ತದಂತೆ. ಬಜೆ ಕರಿದದ್ದು ಸಾಲದು ಎಂದು ಇದೂ ನಮ್ಮ ತಲೆಗೇ ಬಂತು.

ನಮ್ಮ ಅಭಿಮಾನಿಗಳಿಗೆ ಯಾವ ಹೆಸರು ಬರುತ್ತದೆ ಎಂಬುದರಲ್ಲಿ ಸಂಶಯವೇ ಇರಲಿಲ್ಲ. ಮೈಸೂರಿನಿಂದ ಓದಲು ಬಂದ ರಾಘವ್ ಎಂಬ ಹುಡುಗ ಇದ್ದಾನೆ, ಭಾರೀ ವೇಗದ ಬೌಲರ್. ಓಡಿ ಬರುವಾಗ ಅವನ ತಲೆಯ ಜೆಲ್ ಅಲ್ಲಾಡುವುದಿಲ್ಲ, ಎದುರಿನ ಸ್ಟಂಪ್ ಅಲ್ಲಾಡುತ್ತದೆ. ಎರಡು ವಾರದಿಂದ ನಮ್ಮ ಸಬರ್ಬಿನಲ್ಲಿ ಅವನದೇ ಜಪ. ಬ್ಯಾಟನ್ನು ಬಟ್ಟೆ ಒಗೆಯುವ ಕೋಲಿನ ಹಾಗೆ ಹಿಡಿಯುವವರೆಲ್ಲ ಅವನ ಇನ್‌ಸ್ವಿಂಗ್ ಬಗ್ಗೆ ಮಾತಾಡಿದ್ದೇ ಮಾತಾಡಿದ್ದು. ಪಕ್ಕದ ಬೀದಿಯ ಜಲಜಾ ನೀಲಿ ಐಸಿಂಗಿನಲ್ಲಿ ರಾಘವ್ ಎಂದು ಬರೆದ ಕೇಕನ್ನೇ ಮಾಡಿಕೊಂಡು ಬಂದಿದ್ದಳು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುವುದು ಇದಕ್ಕೇ.

ಮೈಕಿನಲ್ಲಿ ಬಂದದ್ದು ನಿಮ್ಮ ಹೆಸರು.

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ಎಪ್ಪಿಂಗಿನವರ ಬೆಂಚಿನಿಂದ ಚಪ್ಪಾಳೆ ಶುರುವಾಯಿತು. ಬಾಲ್ಕನಿಯ ಕುಂಡದಲ್ಲಿ ಒಂದು ತುಳಸಿ ಬೆಳೆಸಿ ತೋಟವೆನ್ನುವ ಆ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಯಾಕೆಂದರೆ ಎರಡನೆಯ ಆಯ್ಕೆ ಅವರದು, ರಾಘವ್ ನೇರವಾಗಿ ಅವರ ಮಡಿಲಿಗೆ ಬಿದ್ದ. ಆಗ ನಮ್ಮವರಿಗೆ ಬಾಯಿ ಬಂತು. ಅವರು ಹೇಳಿದ್ದನ್ನೆಲ್ಲ ಬರೆಯುತ್ತೇನೆ, ಒಂದನ್ನೂ ಬಿಡುವುದಿಲ್ಲ. ನೀವು ನಡುವೆ ಕಾಗದ ಮಡಚಿಡಬೇಡಿ. ಜಲಜಾ ನನ್ನ ಮುಖಕ್ಕೇ ಹೇಳಿದಳು, "ಬೇಜಾರು ಮಾಡ್ಬೇಡಿ ಪ್ರೇಮಕ್ಕ, ಅವ್ರ ಬದ್ಲು ನಮ್ಮ ಕಸದ ವೀಲಿ ಬಿನ್ನನ್ನು ವಿಕೆಟ್ ಕೀಪಿಂಗಿಗೆ ನಿಲ್ಲಿಸಿದ್ರೆ ಬಾಲ್ ಒಳಗಾದ್ರೂ ಬೀಳ್ತಿತ್ತು." ಕರಿಯಪ್ಪ ಅಂಕಲ್, ಪ್ರತಿ ಮ್ಯಾಚಿಗೂ ಮಡಚುವ ಕುರ್ಚಿ ತಂದು ನೆರಳಲ್ಲಿ ಕೂತು ಎಲ್ಲರನ್ನೂ ಬೈಯುವುದೊಂದೇ ಕೆಲಸವಾಗಿರುವ ಮನುಷ್ಯ, "ಎಪ್ಪಿಂಗ್ ಮೇಲೆ ಫೈನಲ್‌ನಲ್ಲಿ ಅವ್ನು ಬಿಟ್ಟ ಕ್ಯಾಚ್ ಇನ್ನೂ ನೆಲಕ್ಕೆ ಬೀಳ್ತಾನೇ ಇದೆ" ಎಂದರು. ಹಾಲಿನ ಅರ್ಧ ಜನ ನಕ್ಕರು. ಐದು ವರ್ಷ ನೀವು ಆ ಮೊಣಕಾಲು ಇಟ್ಟುಕೊಂಡು ಕುಕ್ಕರಗಾಲಿನಲ್ಲಿ ಕೂತು ಹಿಡಿದ ಕ್ಯಾಚುಗಳು ಒಂದೂ ಅವರ ನೆನಪಿನಲ್ಲಿಲ್ಲ, ಬಿಟ್ಟ ಒಂದು ಮಾತ್ರ ಉಂಟು. ವಯಸ್ಸು ಹೇಳಿದರು, ಹೊಟ್ಟೆ ಹೇಳಿದರು, ಮೆಲ್ಬರ್ನಿನಿಂದ ಕೈ ಚಾಚಿ ಬಾಲ್ ಹಿಡಿಯುತ್ತಾನೋ ಎಂದು ಕೇಳಿದರು. ಕ್ಯಾಪ್ಟನ್ ಗಿರೀಶನಿಗೆ ತಲೆ ಕೆಟ್ಟಿದೆ ಎಂದರು, ದುಡ್ಡು ತಿಂದಿದ್ದಾನೆ ಎಂದರು. ಗಿರೀಶ ಅರ್ಧ ಬಜೆ ಬಾಯಲ್ಲಿಟ್ಟುಕೊಂಡು ನನ್ನನ್ನೇ ನೋಡುತ್ತ ನಿಂತ.

ಆಮೇಲೆ ಹಿಂದಿನಿಂದ ಯಾರೋ ಆ ಮಾತನ್ನೂ ಹೇಳಿದರು. "ಪ್ರಾಜೆಕ್ಟೂ ಇಲ್ಲ ಏನೂ ಇಲ್ಲ, ಅಲ್ಲಿ ಗೋಡೌನಲ್ಲಿ ಫೋರ್ಕ್‌ಲಿಫ್ಟ್ ಓಡಿಸ್ತಾರಂತೆ." ಹೌದು, ಗೊತ್ತು. ಎಲ್ಲರಿಗೂ ಗೊತ್ತು. ಇಲ್ಲಿ ನಿಮ್ಮ ಫ್ಯಾಕ್ಟರಿ ಮುಚ್ಚಿದ ಮೇಲೆ ನೀವು ಮೆಲ್ಬರ್ನಿಗೆ ಹೊರಟಾಗ, ಯಾರು ಕೇಳಿದರೂ ಪ್ರಾಜೆಕ್ಟಿಗೆ ಹೋಗಿದ್ದಾರೆ ಎಂದು ಹೇಳು ಎಂದಿರಿ. ನಾನು ಒಂದು ವರ್ಷಕ್ಕೂ ಮೇಲೆ ದೇವಸ್ಥಾನದಲ್ಲಿ, ಅಂಗಡಿಯಲ್ಲಿ, ಹಾಲಿನಲ್ಲಿ ಪ್ರಾಜೆಕ್ಟ್, ಪ್ರಾಜೆಕ್ಟ್ ಎಂದು ಗಿಳಿಯ ಹಾಗೆ ಹೇಳಿದೆ. ಅವರೆಲ್ಲ ಹೌದಾ ಹೌದಾ ಎಂದು ತಲೆ ಆಡಿಸಿದರು. ಜಲಜಾಳ ತಮ್ಮ ಟಾರ್ನೀಟಿನ ಅಂಗಡಿಯಲ್ಲಿ ನಿಮ್ಮನ್ನು ಗೋಡೌನ್ ಕೆಲಸದವರ ಕಿತ್ತಳೆ ಬಣ್ಣದ ವೆಸ್ಟ್ ಹಾಕಿಕೊಂಡು ಕುಚ್ಚಲಕ್ಕಿ ಕೊಳ್ಳುವಾಗ ನೋಡಿ ಆಗಲೇ ಆರು ತಿಂಗಳಾಗಿತ್ತಂತೆ. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ? ಟಾರ್ನೀಟಿಗೆ ಹೋದ ನಮ್ಮವನು ಇಂಡಿಯನ್ ಅಂಗಡಿಗೆ ಬಾರದೆ ಇರುತ್ತಾನೆಯೇ? ನಾವಿಬ್ಬರೂ ಯಾರಿಂದ ಮುಚ್ಚಿಟ್ಟೆವೋ ಅವರು ನಮ್ಮಿಂದ ನಗು ಮುಚ್ಚಿಟ್ಟಿದ್ದರು, ಅಷ್ಟೇ ವ್ಯತ್ಯಾಸ. ನನಗೆ ಆ ಕ್ಷಣ ಹಾಲಿನ ನೆಲ ಬಾಯಿ ಬಿಡಬಾರದೇ ಎನ್ನಿಸಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಅವರ ಮುಖಗಳನ್ನು ಒಂದೊಂದಾಗಿ ನೋಡಿದೆ. ಇವರಿಗೆ ಹೆದರಿಯೇ ನನ್ನ ಗಂಡ ಮನೆ ಬಿಟ್ಟು ಕೂತಿರುವುದು? ಕರಿಯಪ್ಪ ಅಂಕಲ್ ಟ್ಯಾಕ್ಸಿ ಓಡಿಸಿದ್ದನ್ನು ಟ್ರಾನ್ಸ್‌ಪೋರ್ಟ್ ಬಿಸಿನೆಸ್ ಎನ್ನುತ್ತಾರೆ. ಬದರಿನಾಥರು ಎರಡು ವರ್ಷ ಇಲ್ಲಿ ನೆಲೆಸಲು ಪಿಆರ್ ಸಿಗದೆ ಮಾವನ ಗ್ಯಾರೇಜಿನಲ್ಲಿ ಮಲಗಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಜಲಜಾಳ ಆ ಕೇಕಿನಲ್ಲಿ ಬೇಕಿಂಗ್ ಪೌಡರೇ ಇರಲಿಲ್ಲ. ಕೊನೆಗೆ ಅದನ್ನು ರಾಘವ್ ಹೆಸರಿನ ಮೇಲೆಯೇ ಕತ್ತರಿಸಿ ಎಪ್ಪಿಂಗಿನವರೇ ತಿಂದರು.

ಅವರನ್ನು ಬೈದದ್ದು ಮುಗಿಯಿತು, ಈಗ ನಿಮ್ಮ ಸರದಿ. ಈಸ್ಟರಿಗೆ ಮನೆಗೆ ಬಂದವರು ನೀವು ಕಸದ ಬಿನ್ ಹೊರಗಿಡಲೂ ಬಾಗಿಲು ದಾಟಲಿಲ್ಲ. ಬೆಲ್ ಆದಾಗ ಬೆಡ್‌ರೂಮಿಗೆ ಹೋಗಿ ನಿಂತಿರಿ. ಬಂದವನು ಪಾರ್ಸೆಲ್ಲಿನವನು. ನಿಮ್ಮ ಮಾರ್ಟ್‌ಗೇಜ್ ಇರುವ, ನಿಮ್ಮ ಕೈಯಿಂದಲೇ ಬಣ್ಣ ಹೊಡೆದ ಮನೆಯಲ್ಲಿ ಹಾಗೆ ನಿಂತದ್ದನ್ನು ಜ್ಯೋತ್ಸ್ನಾ ನೋಡಿದಳು. ಅವಳೇ ಹೋಗಿ ಪಾರ್ಸೆಲ್ ತೆಗೆದುಕೊಂಡು ಬಾಗಿಲು ಹಾಕಿ ಬಂದಳು, ಅದೇ ನನಗೆ ಹೆಚ್ಚು ನೋವಾದದ್ದು. ಆಮೇಲೆ ನೀವು ಬರಲೇ ಇಲ್ಲ. ಸರಿಯಾದ ಕೆಲಸ ಸಿಗಲಿ, ಆಗ ತಲೆ ಎತ್ತಿ ಬರುತ್ತೇನೆ ಎನ್ನುತ್ತೀರಿ. ಇಲ್ಲಿ ಬ್ಲ್ಯಾಕ್‌ಟೌನಿನಲ್ಲೂ ಗೋಡೌನುಗಳುಂಟು, ಅಲ್ಲೂ ಫೋರ್ಕ್‌ಲಿಫ್ಟ್ ಉಂಟು. ಆದರೆ ಅಲ್ಲಿ ನಮ್ಮವರು ನೋಡುತ್ತಾರೆ, ಅದಕ್ಕೆ ನಿಮಗೆ ಮೆಲ್ಬರ್ನ್ ಬೇಕು. ಜನ ಏನೆನ್ನುತ್ತಾರೆ, ಜನ ಏನೆನ್ನುತ್ತಾರೆ. ಅದೊಂದೇ ಮಾತಿನಲ್ಲಿ ಈ ಮನೆಯ ಒಂದು ವರ್ಷ ಹೋಯಿತು. ಫ್ಯಾಕ್ಟರಿ ಮುಚ್ಚಿದ್ದು ನಿಮ್ಮಿಂದಲ್ಲ, ಮಗಳನ್ನು ಫೋನಿನಲ್ಲಿ ಬೆಳೆಸುತ್ತಿರುವುದು ಮಾತ್ರ ನಿಮ್ಮಿಂದಲೇ. ನನಗೆ ನಿಮ್ಮ ಮೇಲೆ ಸಿಟ್ಟು ಉಂಟು, ಬಹಳ ಉಂಟು. ಸಂಜೆ ಗೇಟಿನ ಶಬ್ದವಾದರೆ ಈಗಲೂ ಎರಡು ಲೋಟ ಚಹಾಕ್ಕೆ ನೀರಿಡುತ್ತೇನೆ, ಆ ಸಿಟ್ಟೂ ಅದರೊಳಗೇ ಸೇರಿದೆ.

ಒಂದು ವಿಷಯ ಮಾತ್ರ ಯೋಚನೆ ಮಾಡಿ. ನೀವು ಹೆದರಿದ್ದು ಜನ ಏನು ಹೇಳುತ್ತಾರೋ ಎಂದಲ್ಲವೇ? ಹೇಳಿಯಾಯಿತು. ಮುಂದಿನಿಂದಲೂ ಹೇಳಿದರು, ಹಿಂದಿನಿಂದಲೂ ಹೇಳಿದರು, ಅನ್ನ ಸಾರು ಬಡಿಸುವಾಗಲೂ ಹೇಳಿದರು. ಮೊಣಕಾಲು, ಹೊಟ್ಟೆ, ಕ್ಯಾಚ್, ಕೆಲಸ, ಒಂದೂ ಬಿಡಲಿಲ್ಲ. ನಾನು ಎಲ್ಲವನ್ನೂ ಕೇಳಿಸಿಕೊಂಡು, ತಟ್ಟೆ ತೆಗೆದುಕೊಂಡು, ಪಾಯಸವನ್ನೂ ಎರಡು ಸಲ ಹಾಕಿಸಿಕೊಂಡು ಬಂದೆ. ನನಗೆ ಏನೂ ಆಗಲಿಲ್ಲ. ಇನ್ನು ಅವರ ಹತ್ತಿರ ಹೇಳಲು ಏನೂ ಉಳಿದಿಲ್ಲ, ನಿಮ್ಮ ಹತ್ತಿರ ಮುಚ್ಚಿಡಲೂ ಏನೂ ಉಳಿದಿಲ್ಲ.

ನಿನ್ನೆ ಬೆಳಗ್ಗೆ ಗಿರೀಶ ಬಂದಿದ್ದ. ಅವನ ಟೀಮಿನವರೇ ಅವನ ಹತ್ತಿರ ಮಾತು ಬಿಟ್ಟಿದ್ದಾರೆ. ಚಹಾ ಕುಡಿದ, ಯಾರನ್ನೂ ದೂರಲಿಲ್ಲ. ಹೋಗುವಾಗ ಶೂ ಹಾಕಿಕೊಳ್ಳುತ್ತ, "ಅಕ್ಕ, ಭಾವ ಬರ್ತಾರಲ್ಲ?" ಎಂದಷ್ಟೇ ಕೇಳಿದ. ನಾನು ನೋಡುವ ಎಂದೆ. ಜ್ಯೋತ್ಸ್ನಾ ಶನಿವಾರ ಕಾರಿನಲ್ಲಿ, "ಡ್ಯಾಡ್ ಈಸ್ ಅವರ್ ಫಸ್ಟ್ ಪಿಕ್? ದಟ್ಸ್ ಸೋ ಎಂಬರಾಸಿಂಗ್" ಎಂದು ಕಿಟಕಿಯ ಕಡೆ ತಿರುಗಿ ಕೂತಿದ್ದಳು. ನಿನ್ನೆ ಮಧ್ಯಾಹ್ನ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದರೆ ತಂತಿಯ ಮೇಲೆ ನಿಮ್ಮ ಕೀಪಿಂಗ್ ಗ್ಲೌಸಿನ ಒಳಗೆ ಹಾಕುವ ಬಿಳಿ ಕೈಗವಸುಗಳು ಒಗೆದು ನೇತಾಡುತ್ತಿದ್ದವು. ಗ್ಯಾರೇಜಿನಿಂದ ಯಾವಾಗ ತೆಗೆದಳೋ ಗೊತ್ತಿಲ್ಲ. ನಾನು ನೋಡಿಯೂ ನೋಡದ ಹಾಗೆ ಒಳಗೆ ಬಂದೆ.

ಮೊದಲ ಮ್ಯಾಚ್ ನವೆಂಬರ್ ಒಂದನೇ ತಾರೀಕು, ಭಾನುವಾರ, ಎಪ್ಪಿಂಗ್ ಮೇಲೆಯೇ. ಬಂದರೆ ಆ ರಾಘವನ ಬೌಲಿಂಗಿಗೆ ನೀವು ಬ್ಯಾಟನ್ನೂ ಹಿಡಿಯಬೇಕಾಗುತ್ತದೆ, ಹಲ್ಲು ಜೋಪಾನ. ಬಾರದಿದ್ದರೆ ಹತ್ತು ಜನ ಆಡುತ್ತಾರೆ, ಸ್ಟಂಪಿನ ಹಿಂದೆ ಜಾಗ ಖಾಲಿ ಇರುತ್ತದೆ, ಆ ಖಾಲಿ ಜಾಗವನ್ನು ನಾನೂ ನಿಮ್ಮ ಮಗಳೂ ಬೆಳಗ್ಗಿನಿಂದ ಸಂಜೆಯವರೆಗೆ ಎಲ್ಲರ ಜೊತೆ ಕೂತು ನೋಡುತ್ತೇವೆ. ಮೊಣಕಾಲಿಗೆ ಎಣ್ಣೆ ಹಚ್ಚಿಕೊಳ್ಳಿ, ಬಿಸಿ ಮಾಡಿ ಹಚ್ಚಬೇಕು. ನೂಡಲ್ಸ್ ಹುಡುಗರಿಗೆ ನನ್ನ ಆಶೀರ್ವಾದ ತಿಳಿಸಿ, ಅವರಿಗೆ ಗಂಜಿ ಬಸಿದು ಅನ್ನ ಬಾಗಿಸುವುದನ್ನು ಕಲಿಸಿ. ಕೃಷ್ಣದೇವರು ನಿಮ್ಮ ಮೈಗೆ ಆರೋಗ್ಯವನ್ನೂ ತಲೆಗೆ ಸ್ವಲ್ಪ ಬುದ್ಧಿಯನ್ನೂ ಕೊಡಲಿ.

ನಿಮ್ಮ,
ಪ್ರೇಮಾವತಿ

ವಿ. ಸೂ.: ಪೋಸ್ಟ್ ಆಫೀಸ್ ಮುಚ್ಚುವ ಹೊತ್ತಾಯಿತು, ಆದರೂ ಇದನ್ನು ಬರೆಯದೆ ಲಕೋಟೆ ಅಂಟಿಸಲಾರೆ. ನೀವೂ ಗಿರೀಶನನ್ನು ಬೈಯಬೇಡಿ. ಅವನು ಚೀಟಿಯಲ್ಲಿ ಬರೆದುಕೊಟ್ಟದ್ದು ರಾಘವನ ಹೆಸರೇ. ಟೂಂಗಾಬಿಯ ಪರವಾಗಿ ಮೈಕಿನ ಮುಂದೆ ನಿಂತವಳು ನಾನು. ಕೊಟ್ಟದ್ದನ್ನು ಓದಿದಳು ಎಂದೇ ಎಲ್ಲರೂ ತಿಳಿದಿದ್ದಾರೆ, ಹೆಂಗಸಿಗೆ ಸ್ವಂತ ಆಯ್ಕೆ ಇರಬಹುದು ಎಂದು ಆ ಹಾಲಿನಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಗಿರೀಶನೊಬ್ಬನಿಗೆ ಗೊತ್ತು, ಅವನು ಬಾಯಿ ಬಿಡದೆ ಎಲ್ಲರ ಬೈಗುಳ ತಿನ್ನುತ್ತಿದ್ದಾನೆ. ಅಜ್ಜಿಯ ಮಾತು ಮೀರಿದ್ದರಿಂದ ನಿಮ್ಮ ಆಯುಸ್ಸಿನಲ್ಲಿ ಏನಾದರೂ ಕಡಿಮೆಯಾದರೆ ನನ್ನದರಿಂದ ತುಂಬಿಕೊಳ್ಳಿ. ಮದುವೆಯಾದ ಮೇಲೆ ಮೊದಲ ಸಲ, ಹಾಲ್ ತುಂಬ ಜನರ ಮುಂದೆ, ಗಟ್ಟಿಯಾಗಿ ಹೇಳಿದೆ: ಟೂಂಗಾಬಿಯ ಮೊದಲ ಆಯ್ಕೆ, ಕಮಲಾಕ್ಷ. ಹೇಳಿದ ಹೆಸರನ್ನು ಹಿಂದಕ್ಕೆ ತೆಗೆದುಕೊಳ್ಳುವಂತಿಲ್ಲ.