ಅಂಚಿನಲ್ಲಿ ಬರೆದದ್ದು

ನವೆಂಬರ್ ೧೪, ಗುರುವಾರ

ಪತ್ರಿಕೆಯಲ್ಲಿ ನನ್ನ ಮಾತು ದಪ್ಪ ಅಕ್ಷರದಲ್ಲಿ ಬಂದಿದೆ: "ವಿದ್ಯಾರ್ಥಿನಿ ನಕಲು ಮಾಡಿದ್ದು ಮಾರ್ಗದರ್ಶಕನಾದ ನನ್ನ ಗಮನಕ್ಕೆ ಬಂದಿರಲಿಲ್ಲ." ಕುಲಪತಿಗಳು ಫೋನ್ ಮಾಡಿ, "ವಿಶ್ವವಿದ್ಯಾಲಯದ ಮರ್ಯಾದೆ ಉಳಿಸಿದ್ರಿ" ಅಂದರು. ಅವಳ ಪಿಎಚ್‌.ಡಿ. ಹೋಗುತ್ತದೆ.

ಸಂಜೆ ಅವಳೇ ವಿಭಾಗಕ್ಕೆ ಬಂದಳು. ನಾನು ತಿದ್ದಿಕೊಟ್ಟಿದ್ದ ಮೂರನೇ ಅಧ್ಯಾಯದ ಕರಡನ್ನು ಮೇಜಿನ ಮೇಲಿಟ್ಟಳು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ನನ್ನದೇ ಅಕ್ಷರ: "ಗಡುವು ಹತ್ತಿರ ಬಂತು. ಇಷ್ಟನ್ನು ನನ್ನ ಹಳೇ ವಿದ್ಯಾರ್ಥಿಯ ಪ್ರಬಂಧದಿಂದ ಹಾಗೇ ಇಳಿಸಿಕೊ. ಆಕರ ಆಮೇಲೆ ಹಾಕೋಣ." ಆಮೇಲೆ ನಾನೂ ನೆನಪಿಸಲಿಲ್ಲ. ಪ್ರಬಂಧಕ್ಕೆ ಕಣ್ಣು ಮುಚ್ಚಿಕೊಂಡು ಸಹಿ ಹಾಕಿದೆ.

"ಸರ್, ಇದು ನನ್ನ ಹತ್ರ ಇದ್ರೆ ಯಾವತ್ತಾದ್ರೂ ಸಿಟ್ಟಲ್ಲಿ ಪತ್ರಿಕೆಯವರಿಗೆ ಕೊಟ್ಟುಬಿಡ್ತೀನಿ. ನೀವೇ ಇಟ್ಕೊಳ್ಳಿ" ಅಂದಳು. ಅವಳು ಹೋದ ಮೇಲೆ ಕರಡನ್ನು ಎತ್ತಿಕೊಂಡು ಮನೆಗೆ ಹೊರಟೆ.

ಮನೆಯಲ್ಲಿ ಹೆಂಡತಿ, "ಎದೆಗವಚ್ಕೊಂಡು ಬಂದಿದ್ದೀರಲ್ಲ, ಏನ್ರೀ ಅದು?" ಅಂದಳು. "ಹಳೇ ಕಾಗದ" ಅಂದೆ.

ನಾಳೆ ಹತ್ತು ಗಂಟೆಗೆ ವಿಚಾರಣಾ ಸಮಿತಿಯ ಮುಂದೆ ಮೊದಲು ನನ್ನ ಹೇಳಿಕೆ. ತನ್ನ ಸಿಟ್ಟನ್ನು ನಂಬದ ಹುಡುಗಿ ನನ್ನನ್ನು ನಂಬಿಬಿಟ್ಟಳು. ಕರಡನ್ನು ಎರಡು ಸಲ ಚೀಲಕ್ಕೆ ಹಾಕಿದೆ, ಎರಡು ಸಲವೂ ತೆಗೆದೆ. ಈಗ ಅದು ಬೀರುವಿನಲ್ಲಿ, ನನ್ನ ಬಟ್ಟೆಗಳ ಅಡಿಯಲ್ಲಿದೆ.