ರವೆಯ ಹದ

ಹ್ಯಾರೋ, ಲಂಡನ್
೧೪ ಮೇ ೧೯೯೮

ಅಪ್ಪನಿಗೆ ವಾರಿಜಾಳ ನಮಸ್ಕಾರ.

ಇಲ್ಲಿ ಎಲ್ಲರೂ ಚೆನ್ನಾಗಿದ್ದೇವೆ. ನಿಮ್ಮದೊಂದು ಫೋಟೋ ಬೇಕು, ಮೃದಂಗ ಹಿಡಿದು ಕೂತಿರುವುದು. ಕಾರಣ ಓದಿ ಬೈಯಬೇಡಿ.

ಇವರ ಆಸ್ಪತ್ರೆಯ ನರ್ಸ್ ಮಾಲಿ ಥಾಯ್ಲೆಂಡಿನವಳು. ಹೋದ ಶನಿವಾರ ತನ್ನ ಸಂಗೀತದ ಕ್ಲಾಸಿಗೆ ನನ್ನನ್ನೂ ಕರೆದೊಯ್ದಳು. ಅಲ್ಲಿನ ವಯಸ್ಸಾದ ಮೇಷ್ಟರು ಅನ್ನಕ್ಕೆ ಊದುಬತ್ತಿಯ ಬೂದಿ ಕಲಸಿ ತಮ್ಮ ಡೋಲಿನ ಚರ್ಮಕ್ಕೆ ಮೆತ್ತುತ್ತಿದ್ದರು. ಅದು ಮತ್ತೆ ಮತ್ತೆ ಕಳಚಿ ಬೀಳುತ್ತಿತ್ತು. ನನ್ನ ಕೈ ಸುಮ್ಮನಿರಲಿಲ್ಲ. ಪಕ್ಕದ ಅಂಗಡಿಯಿಂದ ಉಪ್ಪಿಟ್ಟಿನ ರವೆ ತಂದು, ನಿಮ್ಮ ಶಿಷ್ಯರ ಮೃದಂಗದ ಎಡಮುಖಕ್ಕೆ ನಾನು ಕಲಸಿಕೊಡುತ್ತಿದ್ದ ಹದದಲ್ಲೇ ಕಲಸಿ ಮೆತ್ತಿದೆ. ಡೋಲು ಘುಂ ಎಂದಿತು!

ಮೇಷ್ಟರು ಮಗುವಿನ ಹಾಗೆ ನಕ್ಕರು. "ಈ ವಾದ್ಯ ನಿಮ್ಮ ದೇಶದಿಂದಲೇ ಬಂದದ್ದು ಅಂತ ನಮ್ಮ ಹಿರಿಯರು ಹೇಳ್ತಿದ್ರು. ನೀವೇ ನುಡಿಸಿ ನೋಡೋಣ," ಎಂದರು. ನೀವು ಅಣ್ಣನಿಗೆ ಹೇಳಿಕೊಡುವಾಗ ಬಾಗಿಲ ಹಿಂದೆ ನಿಂತು ಕೇಳಿದ್ದೆಲ್ಲ ಬೆರಳಿಗೆ ಬಂತು, ಅಪ್ಪಾ. ವಾಪಸ್ ಬರುವಾಗ ಟ್ಯೂಬ್ ರೈಲಿನಲ್ಲೂ ತೊಡೆಯ ಮೇಲಿನ ಬ್ಯಾಗನ್ನು ಬಾರಿಸುತ್ತಲೇ ಬಂದೆ. ಎದುರಿಗೆ ಕೂತ ಇಂಗ್ಲಿಷ್ ಅಜ್ಜಿ ತಲೆದೂಗಿದರು.

ಜೂನ್ ಮೊದಲ ಗುರುವಾರ ಅವರಲ್ಲಿ ಗುರುಪೂಜೆ. ನುಡಿಸುವವರೆಲ್ಲ ತಮ್ಮ ಗುರುವಿನ ಫೋಟೋ ಇಟ್ಟು ಹೂವು ಏರಿಸಬೇಕಂತೆ. ನನ್ನ ಗುರು ಯಾರು ಎಂದು ಮೇಷ್ಟರು ಕೇಳಿದಾಗ ನಿಮ್ಮ ಹೆಸರು ಹೇಳಿಬಿಟ್ಟೆ.

ಹುಡುಗಿಗೆ ಮೃದಂಗ ಯಾಕೆ ಎಂದು ನೀವು ನನಗೆ ಕಲಿಸಲೇ ಇಲ್ಲ ಎಂಬುದನ್ನು ಅವರಿಗೆ ಹೇಳಿಲ್ಲ. ನೀವು ಫೋಟೋ ಕಳಿಸಿದರೆ ಹೇಳುವ ಅಗತ್ಯವೂ ಇರುವುದಿಲ್ಲ.

ಇತಿ ನಿಮ್ಮ ಶಿಷ್ಯೆ,
ವಾರಿಜಾ